ಬಿಕ್ಕೆಲ್ ನಡುಗಿದ ವರ್ಷ

ಎಲ್ಡರ್‌ವೇನ್ ಊರಿನಲ್ಲಿ ಕೂದಲು ಕತ್ತರಿಸಿಕೊಳ್ಳಬೇಕೆಂದವರು ಮನೆ ಬಿಟ್ಟು ಹೋಗಬೇಕಾಗಿರಲಿಲ್ಲ. ಲಮ್ಮಿಯೇ ಮನೆಗೆ ಬರುತ್ತಿದ್ದಳು. ಸೈಕಲ್ಲಿನ ಹಿಂದೆ ಒಂದು ಕಪ್ಪು ಚೀಲ, ಅದರಲ್ಲಿ ಕತ್ತರಿ, ಬಾಚಣಿಗೆ, ಮೈಮೇಲೆ ಹೊದಿಸುವ ಹೂವಿನ ಬಟ್ಟೆ. ಅಡುಗೆಮನೆಯ ಕುರ್ಚಿಯೊಂದನ್ನು ಕಿಟಕಿಯ ಬೆಳಕಿಗೆ ಎಳೆದು, "ಕೂತ್ಕೋ, ತಲೆ ಬಗ್ಗಿಸು" ಎಂದಳೆಂದರೆ ಚರ್ಚಿನ ಪಾದ್ರಿಯಾದರೂ ತಲೆ ಬಗ್ಗಿಸಬೇಕಿತ್ತು. ಮದುವೆಗೆ ಮೊದಲೇ ಹಿಡಿದ ಕತ್ತರಿಯನ್ನು ಅರವತ್ತು ದಾಟಿದರೂ ಅವಳು ಕೆಳಗಿಟ್ಟಿರಲಿಲ್ಲ. ಯಾರ ತಲೆಯಲ್ಲಿ ಎಷ್ಟು ಸುಳಿ, ಯಾರ ಕಿವಿಯ ಹಿಂದೆ ಹಳೆಯ ಗಾಯ, ಯಾವ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಜನ ಅವಳನ್ನು ಮೆಚ್ಚುತ್ತಿದ್ದದ್ದು ಕೈಚಳಕಕ್ಕಿಂತ ಹೆಚ್ಚಾಗಿ ಇನ್ನೊಂದು ಗುಣಕ್ಕೆ. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಅವರಿಗೇನು ಬೇಕೆಂದು ಅವಳಿಗೆ ತಿಳಿದುಬಿಡುತ್ತಿತ್ತು. "ಹಿಂದಗಡೆ ಸ್ವಲ್ಪ..." ಎಂದರೆ ಸಾಕು, "ಗೊತ್ತಾಯ್ತು, ಗೊತ್ತಾಯ್ತು" ಎಂದು ಕತ್ತರಿ ಆಡಿಸಿಯೇ ಬಿಡುತ್ತಿದ್ದಳು.

ಅವಳ ಗಂಡ ಬೆರೆಂಡ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಆನೆಯಂಥ ಆಳು, ಮೆತ್ತನೆಯ ಮಾತು. ವರ್ಷವಿಡೀ ಯಾರ ತಂಟೆಗೂ ಹೋಗದ ಈ ಮನುಷ್ಯ ಡಿಸೆಂಬರಿನ ಕೊನೆಯ ದಿನ ಮಾತ್ರ ಊರಿಗೆಲ್ಲ ಕೇಳುವ ಹಾಗೆ ಗುಡುಗುತ್ತಿದ್ದ. ಆ ಸೀಮೆಯಲ್ಲಿ ಹಳೆಯ ವರ್ಷವನ್ನು ಕಳಿಸುವುದು ಹಾಲಿನ ಕ್ಯಾನುಗಳಿಂದ. ಹಳೆಯ ಉಕ್ಕಿನ ಕ್ಯಾನನ್ನು ಹೊಲದಲ್ಲಿ ಅಡ್ಡ ಮಲಗಿಸಿ, ಒಳಗೆ ಕಾರ್ಬೈಡ್ ಕಲ್ಲು ಹಾಕಿ, ನೀರು ಚಿಮುಕಿಸಿ, ಬಾಯಿಗೆ ಫುಟ್‌ಬಾಲ್ ಒತ್ತಿ ಕೂರಿಸುತ್ತಾರೆ. ಒಳಗೆ ಅನಿಲ ತುಂಬುವ ತನಕ ಕಾದು, ತಳದ ಸಣ್ಣ ತೂತಿಗೆ ಉದ್ದನೆಯ ಕೋಲಿನಿಂದ ಬೆಂಕಿ ತೋರಿಸಿದರೆ ಢಂ! ಚೆಂಡು ಹೊಲದ ಆಚೆಗೆ ಹಾರುತ್ತದೆ, ಮನೆಯ ಗಾಜುಗಳು ನಡುಗುತ್ತವೆ. ಬೆಳಗಿನಿಂದ ಸಂಜೆಯ ತನಕ ಇದೇ. ಊರಿನ ತಂಡಕ್ಕೆ ಬೆರೆಂಡನೇ ಯಜಮಾನ. ಮೊದಲ ಬೆಂಕಿ ಅವನದೇ ಆಗಬೇಕು.

ಅವನ ಬೂಟಿನ ಪಕ್ಕದಲ್ಲಿ ಬಿಕ್ಕೆಲ್ ಕೂತಿರುತ್ತಿತ್ತು. ಕಂದು ಬಿಳಿ ಮಚ್ಚೆಯ, ಜೋಲುಕಿವಿಯ ಬೇಟೆನಾಯಿ. ಊರಿನ ಬೇರೆ ನಾಯಿಗಳೆಲ್ಲ ಆ ದಿನ ಮಂಚದ ಕೆಳಗೆ ಸೇರಿಕೊಂಡರೆ ಇದು ಹೊಲದ ನಡುವೆ ಕೂತು ಆಕಳಿಸುತ್ತಿತ್ತು. "ಕಿವುಡು ಕಣಯ್ಯ ಇದು" ಎಂದು ತಂಡದವರು ನಗುತ್ತಿದ್ದರು. ಆದರೆ ಲಮ್ಮಿ ಅಡುಗೆಮನೆಯಲ್ಲಿ ಚೀಸಿನ ಕಾಗದ ಬಿಚ್ಚಿದರೆ ಅಂಗಳದಿಂದ ಓಡಿ ಬರುವ ನಾಯಿಗೆ ಕಿವುಡೆಲ್ಲಿಂದ ಬರಬೇಕು?

ಆ ವರ್ಷ ಮಾರ್ಚಿನಲ್ಲಿ ಬೆರೆಂಡನಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು. ಆಸ್ಪತ್ರೆಯಿಂದ ಬಂದವನು ಕೋಲು ಹಿಡಿದು ಓಡಾಡುವಷ್ಟು ಚೇತರಿಸಿಕೊಂಡ. ಆದರೆ ಮಾತುಗಳು ಮಾತ್ರ ತಮ್ಮ ತಮ್ಮ ಜಾಗ ಬಿಟ್ಟು ಎಲ್ಲೆಲ್ಲೋ ಹೋಗಿ ಕೂತಿದ್ದವು. ಕಾಫಿಗೆ ಸೈಕಲ್ ಎನ್ನುತ್ತಿದ್ದ. ಟವೆಲಿಗೆ ಚಿಕ್ಕಮ್ಮ ಎನ್ನುತ್ತಿದ್ದ. ಕೆಲವೊಮ್ಮೆ ಹೌದು ಎನ್ನಬೇಕಾದಲ್ಲಿ ಇಲ್ಲ ಎಂದು, ತಾನೇ ಬೆಚ್ಚಿ, ಎಡಗೈಯಿಂದ ಗಾಳಿಯನ್ನು ಒರೆಸುವಂತೆ ಮಾಡುತ್ತಿದ್ದ. ತಲೆಯೊಳಗೆ ಎಲ್ಲವೂ ಸರಿಯಾಗಿಯೇ ಇದೆ, ಹೊರಗೆ ಬರುವ ದಾರಿ ಮಾತ್ರ ಕೆಟ್ಟಿದೆ ಎಂದು ಮಾತು ಕಲಿಸುವಾಕೆ ಹೇಳಿದ್ದಳು. ತಪ್ಪು ಪದ ಬಂದಾಗ ಬೈಯದೆ, ಮೆಲ್ಲಗೆ ಸರಿಯಾದ ಪದ ಹೇಳಿಕೊಡಿ ಎಂದಿದ್ದಳು.

ಲಮ್ಮಿಗೆ ಇದು ಕಷ್ಟವೇ ಆಗಲಿಲ್ಲ. ಬೇರೆಯವರಿಗೆ ಒಗಟಿನಂತೆ ಕೇಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ನೋಡಲು ಬಂದವರ ಮುಂದೆ ಬೆರೆಂಡ್ "ಬೂಟು... ಮಳೆ... ಅಂಗಡಿ" ಎಂದರೆ, "ನಿಮ್ಮ ಮಗಳು ಆರಾಮಾಗಿದ್ದಾಳಾ ಅಂತ ಕೇಳ್ತಿದ್ದಾನೆ" ಎಂದು ತಟ್ಟನೆ ಅರ್ಥ ಹೇಳುತ್ತಿದ್ದಳು. ಬೆರೆಂಡನೂ ತಲೆಯಾಡಿಸುತ್ತಿದ್ದ. ಸರಿಯೆಂದು ಆಡಿಸಿದನೋ, ಹೋಗಲಿ ಬಿಡು ಎಂದು ಆಡಿಸಿದನೋ, ಆಗ ಅವಳು ಯೋಚಿಸಿರಲಿಲ್ಲ.

ನವೆಂಬರ್ ಮುಗಿಯುವ ಹೊತ್ತಿಗೆ ಹುಡುಗರು ಬೀದಿಯಲ್ಲಿ ಒಂದೊಂದೇ ಪಟಾಕಿ ಸಿಡಿಸತೊಡಗಿದರು. ಒಂದು ಮಧ್ಯಾಹ್ನ ಲಮ್ಮಿ ಬಟಾಣಿ ಸೂಪು ಕಲಕುತ್ತಿದ್ದಾಗ ಬಸ್ ನಿಲ್ದಾಣದ ಕಡೆಯಿಂದ ಒಂದು ಸದ್ದು ಬಂತು. ಬಿಕ್ಕೆಲ್ ಎದ್ದು ನಿಂತು, ಕಿವಿ ಹಿಂದಕ್ಕೆ ಮಾಡಿ, ಸೋಫಾದ ಹಿಂದೆ ನುಗ್ಗಿ ನಡುಗತೊಡಗಿತು. ಬಾಯಿಂದ ಜೊಲ್ಲು, ಕಣ್ಣೆಲ್ಲ ಬಿಳಿ. ಲಮ್ಮಿ ಸೌಟು ಹಿಡಿದುಕೊಂಡೇ ನೋಡುತ್ತ ನಿಂತಳು.

"ಅಯ್ಯೋ, ಇದಕ್ಕೇನಾಯ್ತು? ಕ್ಯಾನು ಸಿಡಿದ್ರೂ ಆಕಳಿಸೋ ನಾಯಿ ಇದು! ಬೆರೆಂಡ್, ನೋಡಿಲ್ಲಿ, ಬಿಕ್ಕೆಲ್‌ಗೆ ಭಯ ಆಗ್ತಿದೆ."

ಕಿಟಕಿಯ ಬಳಿ ಕೂತಿದ್ದ ಬೆರೆಂಡ್ ಬಾಯಿ ತೆರೆದ. ಬಹಳ ಹೊತ್ತು ಒದ್ದಾಡಿ, "ನನಗೆ" ಎಂದ.

"ನಿನಗಲ್ಲ ಕಣೋ, ನಾಯಿಗೆ," ಎಂದು ಲಮ್ಮಿ ಮೆಲ್ಲಗೆ ತಿದ್ದಿದಳು. "ಹೇಳು, ನಾ-ಯಿ-ಗೆ."

"ನನಗೆ," ಎಂದ ಬೆರೆಂಡ್ ಮತ್ತೆ.

"ಇರಲಿ ಬಿಡು, ನಾಳೆ ಬರುತ್ತೆ," ಎಂದು ಅವಳು ಸೂಪಿನ ಕಡೆ ತಿರುಗಿದಳು.

ಡಿಸೆಂಬರ್ ಅವಳಿಗೆ ಬಿಡುವಿಲ್ಲದ ತಿಂಗಳು. ಹಬ್ಬಕ್ಕೆ ಮೊದಲು ಎಲ್ಲರಿಗೂ ಕೂದಲು ಚೆನ್ನಾಗಿರಬೇಕು. ಹೋದ ಮನೆಯಲ್ಲೆಲ್ಲ ಅವಳು ಬಿಕ್ಕೆಲ್ ವಿಷಯ ತೆಗೆದಳು. ಹೋದ ಮನೆಯಲ್ಲೆಲ್ಲ ಒಂದೊಂದು ಮದ್ದು ಸಿಕ್ಕಿತು.

"ಮೊಟ್ಟೆ ಬ್ರಾಂದಿ ಕೊಡು," ಎಂದಳು ತೊಂಬತ್ತರ ಹತ್ತಿರದ ಅಜ್ಜಿ ರೂಲ್ಫಿನ್, ಹೂವಿನ ಬಟ್ಟೆಯೊಳಗಿಂದ ಕೈ ಹೊರಗೆ ಹಾಕಿ. "ಒಂದು ಚಮಚ. ನನ್ನ ತಂಗಿಯ ನಾಯಿಗೆ ಕೊಡ್ತಿದ್ರು. ಎಷ್ಟು ಚೆನ್ನಾಗಿ ಮಲಗ್ತಿತ್ತು ಅಂತೀಯ!"

"ನಾಯಿಗೆ ಬ್ರಾಂದಿ ಕೊಡ್ತಾರಾ ಅಜ್ಜಿ?"

"ನಾಯಿ ಕುಡಿಯದಿದ್ರೆ ನೀನು ಕುಡಿ. ಒಬ್ಬರಾದರೂ ಸಮಾಧಾನವಾಗಿರ್ತೀರಿ."

ಮಾಂಸದಂಗಡಿ ಬಿಟ್ಟು ಮನೆಯಲ್ಲಿ ಕೂತಿದ್ದ ವೋಲ್ಟರನ ಮದ್ದು ಬೇರೆ. "ಮುದ್ದು ಮಾಡಿದ್ರೆ ಕೆಟ್ಟುಹೋಗುತ್ತೆ. ನೀನು 'ಪಾಪ, ಪಾಪ' ಅಂದ್ಯೋ, ಅದು 'ಹೌದಲ್ಲ, ನಾನು ಪಾಪ' ಅಂದ್ಕೊಳ್ಳುತ್ತೆ. ನೋಡಲೇಬೇಡ. ಇಲ್ಲವೇ ಇಲ್ಲ ಅನ್ನೋ ಹಾಗೆ ಓಡಾಡು."

"ನಡುಗ್ತಾ ಇರೋದನ್ನ ನೋಡ್ಕೊಂಡು ಸುಮ್ನೆ ಹೇಗಿರೋದೋ?"

"ನನ್ನ ಹೆಂಡತಿ ನಲವತ್ತು ವರ್ಷ ನನ್ನ ಜೊತೆ ಹಾಗೇ ಇದ್ದಳಲ್ಲ! ಏನೂ ಕಷ್ಟ ಇಲ್ಲ. ಕಿವಿ ಹತ್ರ ಜಾಸ್ತಿ ತೆಗೀಬೇಡ."

ಲಮ್ಮಿ ಮೊದಲು ವೋಲ್ಟರನ ಮಾತು ಕೇಳಿದಳು. ಮರುದಿನ ಪಟಾಕಿ ಸಿಡಿದಾಗ ಬಿಕ್ಕೆಲ್ ಕಡೆ ತಿರುಗಿಯೂ ನೋಡದೆ ಹಾಡು ಗುನುಗುತ್ತ ಪಾತ್ರೆ ಒರೆಸಿದಳು. ನಾಯಿ ಅವಳ ಕಾಲಿನ ಸಂದಿಯಲ್ಲಿ ನುಗ್ಗಿತು, ಅವಳು ಮುಗ್ಗರಿಸಿದಳು, ಸೂಪಿನ ಬಟ್ಟಲು ಒಡೆಯಿತು. ಆ ಸದ್ದಿಗೆ ನಾಯಿ ಇನ್ನೂ ನಡುಗಿತು. ಬೆರೆಂಡ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದು, "ಇಲ್ಲ, ಇಲ್ಲ, ಇಲ್ಲ" ಎಂದ. ಬಟ್ಟಲಿಗಾಗಿ ಬೇಸರಪಡುತ್ತಿದ್ದಾನೆ ಎಂದುಕೊಂಡು ಲಮ್ಮಿ, "ಹಳೇ ಬಟ್ಟಲು, ಹೋಗಲಿ ಬಿಡು" ಎಂದಳು.

ಕೊನೆಗೆ ಪ್ರಾಣಿಗಳ ಡಾಕ್ಟರ ಹತ್ತಿರ ಹೋದಳು. ಮಾರ್ಲೂಸ್ ಎಂಬ ಆ ಡಾಕ್ಟರು ನೆಲದ ಮೇಲೆ ಕೂತು ಬಿಕ್ಕೆಲ್‌ನ ಕಿವಿ, ಹಲ್ಲು, ಹೊಟ್ಟೆ ಎಲ್ಲ ನೋಡಿದಳು. "ದೇಹಕ್ಕೇನೂ ಆಗಿಲ್ಲ. ಸಮಾಧಾನ ಮಾಡಿದ್ರೆ ಭಯ ಹೆಚ್ಚಾಗುತ್ತೆ ಅನ್ನೋದು ಸುಳ್ಳು. ಹತ್ರ ಬಂದ್ರೆ ಬರಲಿ, ಮುಟ್ಟಿ. ಪರದೆ ಎಳೀರಿ, ಒಂದು ಮೂಲೆ ಮಾಡಿಕೊಡಿ, ರೇಡಿಯೋ ಹಾಕಿ, ಬೆಳಗ್ಗೆ ಬೇಗ ದೂರ ನಡೆಸಿಕೊಂಡು ಬನ್ನಿ. ಬ್ರಾಂದಿ ಮಾತ್ರ ಬೇಡ. ಪಟಾಕಿ ಸದ್ದನ್ನ ಫೋನಿನಲ್ಲಿ ತುಂಬಾ ಸಣ್ಣಗೆ ಹಾಕಿ ಅಭ್ಯಾಸ ಮಾಡಿಸಿ. ಬೇಸಿಗೇಲೇ ಶುರು ಮಾಡಬೇಕಿತ್ತು, ಆದ್ರೂ ನೋಡೋಣ. ತೀರಾ ಆಗದಿದ್ರೆ ಮಾತ್ರೆ ಇದೆ." ನೆಲದಿಂದ ಏಳುತ್ತ ಕೇಳಿದಳು: "ಮನೇಲಿ ಏನಾದ್ರೂ ಬದಲಾಗಿದೆಯಾ?"

"ಏನೂ ಇಲ್ಲ," ಎಂದಳು ಲಮ್ಮಿ. ಆಮೇಲೆ, "ಗಂಡನಿಗೆ ಹುಷಾರಿಲ್ಲ. ಆದ್ರೆ ಅದು ಮಾರ್ಚಿನಲ್ಲಿ" ಎಂದಳು.

ಫೋನಿನ ಅಭ್ಯಾಸ ಶುರುವಾದ ಮೇಲೆ ಲಮ್ಮಿಯ ತಲೆ ಇನ್ನಷ್ಟು ಕೆಟ್ಟಿತು. ಬೆರೆಂಡನನ್ನು ವ್ಯಾಯಾಮಕ್ಕೆ ಕರೆದುಕೊಂಡು ಹೋಗಲು ಗಾಡಿ ಬರುತ್ತಿದ್ದ ದಿನಗಳಲ್ಲಿ, ಅವನು ಅತ್ತ ಹೋದ ಮೇಲೆ ಅವಳು ಸದ್ದು ಹಾಕಿದರೆ ಬಿಕ್ಕೆಲ್ ಚೀಸ್ ತಿಂದು ಬಾಲ ಆಡಿಸುತ್ತಿತ್ತು. ಸದ್ದು ಜೋರು ಮಾಡಿದರೂ ಅಷ್ಟೇ. "ಗೆದ್ದೆ!" ಎಂದುಕೊಂಡು ಸಂಜೆ ಬೆರೆಂಡನಿಗೆ ತೋರಿಸಲೆಂದು ಅದೇ ಸದ್ದನ್ನು, ಅದಕ್ಕಿಂತ ಸಣ್ಣಗೆ ಹಾಕಿದರೆ ನಾಯಿ ಸೋಫಾದ ಹಿಂದೆ. ಒಮ್ಮೆ ಹೀಗಾದರೆ ಏನೋ ಅನ್ನಬಹುದು. ಪ್ರತಿ ಸಲವೂ ಹೀಗೇ. ಚೀಸ್ ಬದಲಾಯಿಸಿದಳು. ಫೋನ್ ಇಡುವ ಜಾಗ ಬದಲಾಯಿಸಿದಳು. ಸಂಜೆಯ ದೀಪಕ್ಕೆ ಹೆದರುತ್ತದೇನೋ ಎಂದು ದೀಪ ಆರಿಸಿದಳು. ನಾಯಿಯ ಮೈಗೆ ಬಿಗಿಯಾಗಿ ಪಟ್ಟಿ ಸುತ್ತಿದರೆ ಧೈರ್ಯ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಬೆರೆಂಡನ ಕಾಲಿಗೆ ಸುತ್ತುವ ಪಟ್ಟಿಯನ್ನು ಬಿಕ್ಕೆಲ್‌ಗೆ ಸುತ್ತಿದಳು. ಅದು ಮಂಗಳವಾರ ಬೆಳಗ್ಗೆ ಪಟ್ಟಿಯಿಲ್ಲದೆ ಧೈರ್ಯವಾಗಿತ್ತು, ಮಂಗಳವಾರ ಸಂಜೆ ಪಟ್ಟಿ ಸುತ್ತಿಕೊಂಡು ನಡುಗಿತು.

ಪ್ರತಿ ಸಂಜೆ ಬೆರೆಂಡ್ ಏನೋ ಹೇಳಲು ಹೊರಡುತ್ತಿದ್ದ. "ನನಗೆ... ಇಲ್ಲಿ... ಹಾಲು..." ಎಂದು ಎದೆ ಮುಟ್ಟಿಕೊಳ್ಳುತ್ತಿದ್ದ.

"ಹಾಲು ಬೇಕಾ?"

"ಅಲ್ಲ. ಕ್ಯಾನು."

"ಓ, ಕ್ಯಾನು! ಹೊಲದ ನೆನಪಾಯ್ತಾ? ಯಾನ್ನೆಸ್ ಬಂದು ಕರೀತಾನೆ ಬಿಡು, ನೀನಿಲ್ಲದೆ ಅವರು ಶುರು ಮಾಡ್ತಾರಾ?"

ಅವನು ಎಡಗೈಯಿಂದ ಗಾಳಿ ಒರೆಸುತ್ತಿದ್ದ. ಪಾಪ, ಹೋಗಲಾಗದೇನೋ ಎಂಬ ದುಃಖ ಎಂದು ಲಮ್ಮಿ ಅವನ ಹೆಗಲು ತಟ್ಟುತ್ತಿದ್ದಳು.

ಯಾನ್ನೆಸ್ ಬಂದೇ ಬಂದ. ಪಕ್ಕದ ಹೊಲದ ಆಲೂಗಡ್ಡೆ ರೈತ, ಬೆರೆಂಡನ ಬಾಲ್ಯದ ಗೆಳೆಯ. ವರ್ಷದ ಕೊನೆಯ ದಿನದ ಬೆಳಗ್ಗೆ ತಂಡದ ಇಬ್ಬರನ್ನು ಜೊತೆಗೆ ಕರೆದುಕೊಂಡು, ಬೂಟಿನ ಕೆಸರನ್ನು ಬಾಗಿಲಲ್ಲಿ ಒರೆಸುತ್ತ ಒಳಗೆ ಬಂದ.

"ಏಳಪ್ಪ ಯಜಮಾನ! ಹೊಲದಲ್ಲಿ ನಿನಗೆ ಕುರ್ಚಿ ಹಾಕಿದೀವಿ, ಕಂಬಳಿ ಇದೆ, ಬೆಂಕಿಯೂ ಇದೆ. ಎಡಗೈಲಿ ಕೋಲು ಹಿಡಿದು ಮೊದಲ ಕ್ಯಾನಿಗೆ ನೀನೇ ಬೆಂಕಿ ಇಡಬೇಕು. ನಾವೆಲ್ಲ ಕಾಯ್ತಾ ಇದೀವಿ."

ಬೆರೆಂಡ್ ಅವನನ್ನೇ ನೋಡಿದ. "ಇಲ್ಲ," ಎಂದ.

ಲಮ್ಮಿ ನಕ್ಕಳು. "ಅವನ ಇಲ್ಲ ಅಂದ್ರೆ ಹೌದು ಅಂತ. ನಿನ್ನೆ ಕಾಫಿ ಬೇಕಾ ಅಂದ್ರೂ ಇಲ್ಲ ಅಂದ, ಎರಡು ಕಪ್ ಕುಡಿದ. ತಡಿ, ಕೋಟು ತರ್ತೀನಿ."

"ಇಲ್ಲ," ಎಂದ ಬೆರೆಂಡ್, ಈ ಸಲ ಸಣ್ಣಗೆ. ಆದರೆ ಅಷ್ಟರಲ್ಲಿ ಅವನ ಸೋತ ಕೈ ಕೋಟಿನ ತೋಳಿನೊಳಗೆ ಹೋಗಿತ್ತು.

ನಾಯಿಯನ್ನು ಏನು ಮಾಡುವುದು? ಮನೆಯಲ್ಲಿ ಒಂದೇ ಬಿಡಲು ಮನಸ್ಸು ಬರಲಿಲ್ಲ. ಹೊಲದಲ್ಲಿ ಬೆರೆಂಡನ ಬೂಟಿನ ಪಕ್ಕದಲ್ಲಿ ಅದು ಎಂದೂ ಹೆದರಿದ್ದಿಲ್ಲವಲ್ಲ, ಹಳೆಯ ಜಾಗಕ್ಕೆ ಹೋದರೆ ಹಳೆಯ ಧೈರ್ಯ ಬರಬಹುದು ಎಂದು ಅವಳಿಗೆ ತೋರಿತು. ಡಾಕ್ಟರು ಹೇಳಿದ್ದಕ್ಕೆ ಇದು ಪೂರ್ತಿ ತದ್ವಿರುದ್ಧ ಎಂದು ಗೊತ್ತಿದ್ದರೂ, ಕೇಳಿದ ಸಲಹೆಗಳೆಲ್ಲ ಒಂದಕ್ಕೊಂದು ತದ್ವಿರುದ್ಧವೇ ಆಗಿದ್ದುದರಿಂದ ಅವಳು ಬಿಗಿಯಾದ ಹಗ್ಗ ಹಾಕಿ ಬಿಕ್ಕೆಲ್‌ನನ್ನು ಕರೆದುಕೊಂಡೇ ಹೊರಟಳು.

ಹೊಲದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಅರ್ಧ ಊರೇ ಅಲ್ಲಿತ್ತು. ಬಾಣಲೆಯಿಂದ ಎಣ್ಣೆ ಜಿಡ್ಡಿನ ಸಿಹಿ ಉಂಡೆಗಳ ವಾಸನೆ ಬರುತ್ತಿತ್ತು. ಕ್ಯಾನುಗಳು ಸಾಲಾಗಿ ಮಲಗಿದ್ದವು. ಬೆರೆಂಡನನ್ನು ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದಾಗ ಜನ ಚಪ್ಪಾಳೆ ತಟ್ಟಿದರು. ಅವನ ಎಡಗೈಗೆ ಕೋಲು ಕೊಟ್ಟರು. ಅವನು ಅದನ್ನು ಹಿಡಿಯಲಿಲ್ಲ. ಕೋಲು ಕೆಳಗೆ ಬಿತ್ತು. "ಕೈ ಸೋತಿದೆಯಪ್ಪ, ನಾನೇ ಇಡ್ತೀನಿ, ನೀನು ಅಪ್ಪಣೆ ಕೊಡು" ಎಂದು ಯಾನ್ನೆಸ್ ಕೋಲೆತ್ತಿಕೊಂಡ.

ಲಮ್ಮಿ ನಾಯಿಯ ಹಗ್ಗ ಹಿಡಿದು ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ಬಿಕ್ಕೆಲ್ ಕ್ಯಾನಿನ ಕಡೆ ನೋಡುತ್ತಿರಲಿಲ್ಲ. ಕತ್ತು ಮೇಲಕ್ಕೆತ್ತಿ ಬೆರೆಂಡನ ಮುಖವನ್ನೇ ನೋಡುತ್ತಿತ್ತು. ಇನ್ನೂ ಯಾವ ಸದ್ದೂ ಆಗಿರಲಿಲ್ಲ, ಆದರೂ ಅದು ಆಗಲೇ ನಡುಗುತ್ತಿತ್ತು. ಲಮ್ಮಿ ಗೊಂದಲದಿಂದ ನಾಯಿಯ ನೋಟ ಹಿಡಿದು ಮೇಲೆ ನೋಡಿದಳು. ಬೆರೆಂಡನ ಮುಖ ಸುಣ್ಣದಂತಾಗಿತ್ತು. ತುಟಿ ಬಿಗಿದಿತ್ತು. ಅಷ್ಟು ಚಳಿಯಲ್ಲೂ ಹಣೆಯಲ್ಲಿ ಬೆವರು. ಯಾನ್ನೆಸ್ ಬೆಂಕಿಯ ಕೋಲನ್ನು ತೂತಿನ ಕಡೆ ಚಾಚಿದಾಗ, ಸದ್ದು ಆಗುವ ಮುಂಚೆಯೇ, ಅವನ ಇಡೀ ದೇಹ ಹೊಡೆತ ತಿನ್ನಲು ಕಾಯುವವನ ಹಾಗೆ ಮುದುಡಿತು.

ಢಂ!

ಚೆಂಡು ಹಾರಿತು, ಜನ ಕೂಗಿದರು. ಬಿಕ್ಕೆಲ್ ಹಗ್ಗ ಜಗ್ಗಿದ ರಭಸಕ್ಕೆ ಲಮ್ಮಿ ಮಂಡಿಯೂರಿ ಬಿದ್ದಳು. ಬಿದ್ದ ಜಾಗದಿಂದಲೇ ಅವಳಿಗೆ ಬೆರೆಂಡನ ಕೈ ಕಾಣಿಸಿತು. ಕಂಬಳಿಯ ಅಂಚನ್ನು ಹಿಡಿದ ಆ ಕೈ ನಾಯಿಯ ಮೈಯಂತೆಯೇ ನಡುಗುತ್ತಿತ್ತು.

"ಬೆರೆಂಡ್," ಎಂದಳು ಅವಳು. "ಭಯ... ನಿನಗಾ?"

ಅವನ ಕಣ್ಣಲ್ಲಿ ನೀರು ತುಂಬಿತು. "ನನಗೆ," ಎಂದ.

ನಾಲ್ಕೈದು ವಾರದಿಂದ ಹೇಳುತ್ತಿದ್ದದ್ದೂ ಅದನ್ನೇ. ಅವಳು ದಿನವೂ ತಿದ್ದುತ್ತಿದ್ದದ್ದೂ ಅದನ್ನೇ. ಊರಿಗೆಲ್ಲ ಸದ್ದಿನ ಯಜಮಾನನಾಗಿದ್ದವನಿಗೆ ಸದ್ದಿನ ಭಯವೇ? ಹಾಗಾದರೆ ಬಟ್ಟಲು ಒಡೆದಾಗ? ಸಂಜೆ ಫೋನಿನ ಸದ್ದಿಗೆ? ನಾಯಿ ಹೆದರುತ್ತಿದ್ದದ್ದು ಸದ್ದಿಗೋ, ಇವನಿಗೋ? ಒಂದನ್ನು ಯೋಚಿಸುವಷ್ಟರಲ್ಲಿ ಇನ್ನೊಂದು ಬಂದು ಮೇಲೆ ಬೀಳುತ್ತಿತ್ತು. ಎರಡನೆಯ ಕ್ಯಾನಿಗೆ ಆಗಲೇ ನೀರು ಹಾಕುತ್ತಿದ್ದರು.

ಅವಳು ಎದ್ದು ಮಂಡಿ ಕೊಡವಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ತಡೀರ್ರೋ! ನಾಯಿಗೆ ಆಗ್ತಿಲ್ಲ. ನಾಯಿನ ಕರ್ಕೊಂಡು ಹೋಗ್ತೀವಿ."

"ನಾಯಿ ಹೋಗಲಿ, ಯಜಮಾನ ಇರಲಿ!" ಎಂದು ಯಾರೋ ಕೂಗಿದರು.

"ಯಜಮಾನ ಇಲ್ಲದಿದ್ರೆ ನಾಯಿ ಎಲ್ಲಿ ಸುಮ್ನಿರುತ್ತೆ?" ಎಂದಳು ಲಮ್ಮಿ. ತಾನು ಹೇಳಿದ್ದು ನಿಜವೋ ಸುಳ್ಳೋ ಅವಳಿಗೇ ತಿಳಿಯಲಿಲ್ಲ.

"ನಾಯಿಗೂ ವಯಸ್ಸಾಯ್ತು ಕಣಯ್ಯ," ಎಂದು ಜನ ನಕ್ಕು ಬಿಟ್ಟರು. ಯಾನ್ನೆಸ್ ನಗಲಿಲ್ಲ. ಬೆಂಕಿಯ ಕೋಲನ್ನು ಇನ್ನೊಬ್ಬನ ಕೈಗೆ ಕೊಟ್ಟು, ಎಲ್ಲರಿಗೂ ಕೈ ಅಡ್ಡ ಹಿಡಿದು ಕಾಯುವಂತೆ ಹೇಳಿ, ಬೆರೆಂಡನ ಮುಂದೆ ಬಂದು ಬಗ್ಗಿ ನೋಡಿದ. ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ.

"ಮನೆಗೆ ಬೇಡ," ಎಂದ ಲಮ್ಮಿಗೆ. "ಅಲ್ಲಿ ಗಾಜಿನ ಕಿಟಕಿ, ಎಲ್ಲ ಕೇಳುತ್ತೆ. ನನ್ನ ಆಲೂಗಡ್ಡೆ ಉಗ್ರಾಣಕ್ಕೆ ನಡಿ. ಫ್ಯಾನ್ ಹಾಕಿಕೊಡ್ತೀನಿ, ಆ ಸದ್ದಿಗೆ ಹೊರಗಿನದು ಕೇಳಲ್ಲ."

ಉಗ್ರಾಣದ ಗೋಡೆಗಳು ಚಳಿ ಬಿಸಿಲು ತಾಗದಂತೆ ದಪ್ಪಗೆ ಕಟ್ಟಿದವು. ಒಳಗೆ ಆಲೂಗಡ್ಡೆಯ ಬೆಟ್ಟ, ಮಣ್ಣಿನ ವಾಸನೆ. ಯಾನ್ನೆಸ್ ಗುಂಡಿ ಒತ್ತಿದಾಗ ಆಲೂಗಡ್ಡೆಗೆ ಗಾಳಿ ಹಾಯಿಸುವ ದೊಡ್ಡ ಫ್ಯಾನುಗಳು ಗುಂಯ್ ಎಂದು ತಿರುಗತೊಡಗಿದವು. ಮಾತು ಕೇಳಬೇಕಾದರೆ ಕಿವಿಯ ಹತ್ತಿರ ಬರಬೇಕು, ಅಷ್ಟು ಸದ್ದು. ಬಾಗಿಲು ಹಾಕಿದ ಮೇಲೆ ಹೊರಗಿನ ಢಂ ಒಳಗೆ ಯಾರೋ ದೂರದಲ್ಲಿ ಚೀಲ ಇಳಿಸಿದಂತೆ ಅಷ್ಟೇ. ಖಾಲಿ ಗೋಣಿಗಳ ಮೇಲೆ ಬೆರೆಂಡನನ್ನು ಕೂರಿಸಿದರು. ಯಾನ್ನೆಸ್ ತನ್ನ ಕೋಟನ್ನು ಬಿಚ್ಚಿ ಅವನ ಕಾಲ ಮೇಲೆ ಹಾಕಿ, "ನನಗೆ ಹೇಳ್ಬಾರದಿತ್ತೇನೋ?" ಎಂದು ಅವನ ಕಿವಿಯಲ್ಲಿ ಕೂಗಿದ. ಕೂಗಿದ ಮೇಲೆ ಏನು ಕೇಳಿದೆನೆಂದು ಹೊಳೆದು ಪೆಚ್ಚಾಗಿ, ಸಿಹಿ ಬಿಸ್ಕತ್ತು ತರುತ್ತೇನೆಂದು ಹೊರಗೆ ಹೋದ.

ಯಾರ ಬೆನ್ನು ಸವರುವುದು ಎಂದು ತಿಳಿಯದೆ ಲಮ್ಮಿ ಒಂದು ಕೈ ಗಂಡನ ಮೇಲೆ, ಒಂದು ಕೈ ನಾಯಿಯ ಮೇಲೆ ಇಟ್ಟು ಕೂತಳು. ಮೊದಲು ಬೆರೆಂಡನ ಉಸಿರು ಇಳಿಯಿತು. ಸ್ವಲ್ಪ ಹೊತ್ತಿಗೆ ಬಿಕ್ಕೆಲ್ ನಾಲಿಗೆ ಒಳಗೆಳೆದುಕೊಂಡು, ಗೋಣಿಯ ಮೇಲೆ ಎರಡು ಸುತ್ತು ಸುತ್ತಿ ಮಲಗಿತು. ಯಾನ್ನೆಸ್ ತಂದುಕೊಟ್ಟ ತೆಳ್ಳನೆಯ ಬಿಸ್ಕತ್ತಿನ ಡಬ್ಬಿ ಮಧ್ಯಾಹ್ನದೊಳಗೆ ಖಾಲಿಯಾಯಿತು. ನಾಯಿಗೆ ಕೊಡಬಾರದೆಂದು ಗೊತ್ತಿದ್ದೂ ಅದಕ್ಕೂ ಒಂದು ಕೊಟ್ಟಳು.

"ಮಾರ್ಚಿನಿಂದಲೂ ಹೀಗೇನಾ?" ಎಂದು ಅವಳು ಅವನ ಕಿವಿಗೆ ಬಾಯಿಟ್ಟು ಕೇಳಿದಳು.

"ಹೌದು."

"ಹೌದು ಅಂದ್ರೆ ಹೌದಾ, ಇಲ್ಲವಾ?"

ಅವನು ಯೋಚಿಸಿದ. "ಹೌದು," ಎಂದ. ಆಮೇಲೆ ತಲೆಯ ಒಳಗೆ ಏನೋ ಬಿದ್ದಂತೆ ಕೈಯಿಂದ ತೋರಿಸಿ, "ಎಲ್ಲ ಸದ್ದೂ... ಒಳಗೆ" ಎಂದ. ಅಷ್ಟು ಉದ್ದದ, ಅಷ್ಟು ಸರಿಯಾದ ಮಾತು ಅವನ ಬಾಯಿಂದ ತಿಂಗಳುಗಳಿಂದ ಬಂದಿರಲಿಲ್ಲ. ಅವಳಿಗೆ ಸಂತೋಷಪಡಬೇಕೋ ಅಳಬೇಕೋ ತೋಚಲಿಲ್ಲ. ಅವನು ಇಲ್ಲಿಯವರೆಗೆ ಹೇಳಿದ್ದರಲ್ಲಿ ಇನ್ನು ಯಾವ ಯಾವುದನ್ನು ತಾನು ತಪ್ಪಾಗಿ ತಿಳಿದಿದ್ದೇನೋ ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟಳು. ಕಾಫಿಯಾದರೂ ಅವನಿಗೆ ನಿಜವಾಗಿ ಬೇಕಿತ್ತೋ ಇಲ್ಲವೋ!

ಹೊಲದ ಸದ್ದು ಸಂಜೆಗೆ ನಿಂತಿತು. ಆದರೆ ನಡುರಾತ್ರಿ ಊರೆಲ್ಲ ಪಟಾಕಿ ಹೊಡೆಯುತ್ತದಲ್ಲ, ಅದಕ್ಕೇನು ಮಾಡುವುದು? ಉಗ್ರಾಣದ ಗುಂಯ್ ಸದ್ದು ಕೇಳುತ್ತ ಕೇಳುತ್ತ ಅವಳಿಗೆ ಒಂದು ಉಪಾಯ ಹೊಳೆದಿತ್ತು. ಮನೆಗೆ ಬಂದವಳೇ ಷೆಡ್ಡಿನಿಂದ ಕೂದಲು ಒಣಗಿಸುವ ಹಳೆಯ ಯಂತ್ರವನ್ನು ಎಳೆದು ತಂದಳು. ತಲೆಯ ಮೇಲೆ ಬುಟ್ಟಿಯಂತೆ ಇಳಿಯುವಂಥದು. ವರ್ಷ ಬದಲಾಗುವ ಹೊತ್ತಿಗೆ ಎಲ್ಡರ್‌ವೇನಿನ ಕ್ಯಾನು ತಂಡದ ಯಜಮಾನ, ಹೆಂಗಸರ ಡ್ರೈಯರ್ ಕೆಳಗೆ ಕೆಂಪಾದ ಮುಖ ಮಾಡಿಕೊಂಡು ಕೂತಿದ್ದ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದ ಬಿಕ್ಕೆಲ್ ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗಿತ್ತು. ಇಬ್ಬರೂ ಒಂದೆರಡು ಸಲ ಬೆಚ್ಚಿದರು, ಅಷ್ಟೇ. ಲಮ್ಮಿ ರೂಲ್ಫಿನ್ ಅಜ್ಜಿಯ ಸಲಹೆಯಂತೆ ಒಂದು ಚಮಚ ಮೊಟ್ಟೆ ಬ್ರಾಂದಿ ತಾನೇ ಕುಡಿದಳು.

ಆಮೇಲೆ ಎಲ್ಲರಿಗೂ ಅವಳು ಒಂದೇ ಮಾತು ಹೇಳುತ್ತ ಬಂದಳು: ನಾಯಿಗೆ ಭಯವೇ ಇಲ್ಲ, ಅದು ಯಜಮಾನನ ಮುಖ ನೋಡಿ ನಡುಗುತ್ತೆ, ಯಜಮಾನ ಸರಿಯಿದ್ದರೆ ನಾಯಿ ಸರಿ. ಡಾಕ್ಟರ್ ಮಾರ್ಲೂಸಳಿಗೂ ಹೇಳಿದಳು. ಅವಳು, "ಇರಬಹುದು. ಆದ್ರೆ ಅಷ್ಟೇ ಅಂತ ಹೇಳೋಕಾಗಲ್ಲ" ಎಂದಳು. ಲಮ್ಮಿಗೆ ಆ ಮಾತು ಹಿಡಿಸಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಗುಡುಗು ಬಂತು. ಬೆರೆಂಡ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದ. ಗೊರಕೆ ಗುಡುಗಿಗೆ ಪೈಪೋಟಿ ಕೊಡುವಂತಿತ್ತು. ಅವನ ಮುಖದಲ್ಲಿ ಭಯವಿರಲಿ, ಬೇರೆ ಏನೂ ಇರಲಿಲ್ಲ. ಆದರೆ ಬೆಂಚಿನ ಕೆಳಗೆ ಬಿಕ್ಕೆಲ್ ಜೊಲ್ಲು ಸುರಿಸುತ್ತ ಗಡಗಡ ನಡುಗುತ್ತಿತ್ತು.

ಲಮ್ಮಿ ಗಂಡನನ್ನು ನೋಡಿದಳು, ನಾಯಿಯನ್ನು ನೋಡಿದಳು. ನಡುವೆ ನಿಂತು, "ಹಾಗಾದ್ರೆ ಈಗ ಈ ಭಯ ಯಾರದ್ದು?" ಎಂದು ಗಟ್ಟಿಯಾಗಿಯೇ ಕೇಳಿದಳು. ಅವಳು ಬೆಂಚಿನ ಪಕ್ಕ ನೆಲದ ಮೇಲೆ ಮಲಗಿ, ನಾಯಿಯ ಕಿವಿಯನ್ನು ಬೆರಳಲ್ಲಿ ಹಿಡಿದುಕೊಂಡು ಮಳೆ ನಿಲ್ಲುವ ತನಕ ಇದ್ದಳು.

ಯಾನ್ನೆಸನ ಕೂದಲು ಕತ್ತರಿಸುವಾಗ ಇದನ್ನು ಹೇಳಿದಳು.

"ಇಬ್ಬರಿಗೂ ಭಯ ಇರಬಹುದಲ್ಲ," ಎಂದ ಅವನು. "ಇವನ ಭಯ ಬೇರೆ, ಅದರ ಭಯ ಬೇರೆ."

"ಮತ್ತೆ ಇಷ್ಟು ವರ್ಷ ಹೊಲದಲ್ಲಿ ಆಕಳಿಸ್ತಿತ್ತಲ್ಲ?"

"ನಾಯಿ ಹೆದರಿದಾಗಲೂ ಆಕಳಿಸುತ್ತೆ ಅಂತಾರೆ. ಯಾರಿಗೆ ಗೊತ್ತು?"

ಲಮ್ಮಿಯ ಕತ್ತರಿ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷ ಆ ನಾಯಿ ಯಜಮಾನನ ಪಕ್ಕ ಹೆದರಿಕೊಂಡೇ ಕೂತಿತ್ತೆ? ಅದನ್ನು ಯೋಚಿಸುವುದೇ ಬೇಡವೆನಿಸಿ, ಅವನ ಕಿವಿಯ ಹಿಂದೆ ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿಬಿಟ್ಟಳು.

ಮತ್ತೆ ಡಿಸೆಂಬರ್ ಬಂತು. ಕೊನೆಯ ದಿನದ ಬೆಳಗ್ಗೆ ಬೆರೆಂಡ್ ತಾನಾಗಿಯೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತ. ಟ್ರಾಕ್ಟರ್ ಓಡಿಸುವಾಗ ಸದ್ದು ತಡೆಯಲು ಹಾಕುವ ಕಿವಿಗವಸನ್ನು ಯಾನ್ನೆಸನಿಂದ ಮೊದಲೇ ಇಸಿದುಕೊಂಡಿದ್ದನಂತೆ. ಹೇಗೆ ಕೇಳಿದನೋ, ಯಾವ ಮಾತಿನಲ್ಲಿ ಕೇಳಿದನೋ ಲಮ್ಮಿಗೆ ಗೊತ್ತಿಲ್ಲ. ಬಿಕ್ಕೆಲ್ ಮಾತ್ರ ಹೊಸ್ತಿಲು ದಾಟಲಿಲ್ಲ. ನಾಲ್ಕೂ ಕಾಲು ಊರಿ, ಹಗ್ಗ ಜಗ್ಗಿದರೂ ಬರಲಿಲ್ಲ. ಒಬ್ಬ ಹೊರಗೆ, ಒಂದು ಒಳಗೆ. ಯಾರ ಜೊತೆ ಇರಬೇಕೆಂದು ತಿಳಿಯದೆ ಲಮ್ಮಿ ಬಾಗಿಲ ನಡುವೆ ನಿಂತಳು.

"ನಾನಿದೀನಿ ಇವನ ಜೊತೆ," ಎಂದ ಕರೆಯಲು ಬಂದಿದ್ದ ಯಾನ್ನೆಸ್. "ನೀನು ಅದನ್ನ ಉಗ್ರಾಣಕ್ಕೆ ಕರ್ಕೊಂಡು ಹೋಗು. ಫ್ಯಾನ್ ಗುಂಡಿ ಗೊತ್ತಲ್ಲ?"

ಫ್ಯಾನುಗಳ ಸದ್ದಿನಲ್ಲಿ ಹೊಲದಲ್ಲಿ ಏನಾಗುತ್ತಿದೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಎದ್ದು ಹೋಗಿ ನೋಡಲೆಂದರೆ ನಾಯಿ ಅವಳ ಪಾದದ ಮೇಲೆ ಮಲಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಸರಿಯಿತು. ಕೋಲು ಊರುತ್ತ ಬೆರೆಂಡ್ ಒಳಗೆ ಬಂದ. ಹಿಂದಿನಿಂದ ಯಾನ್ನೆಸ್ ಮೂರು ಬೆರಳು ತೋರಿಸಿ, ಮೂರು ಕ್ಯಾನಿನ ತನಕ ನಿಂತಿದ್ದ, ಆಮೇಲೆ ನನ್ನ ಕಾರಿನಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದ ಎಂದು ಅವಳ ಕಿವಿಯಲ್ಲಿ ಕೂಗಿ ಹೇಳಿದ.

ಬೆರೆಂಡನ ಮುಖ ಬಿಳಿಚಿತ್ತು. ಗೋಣಿಯ ಮೇಲೆ ಮೆಲ್ಲಗೆ ಕೂತ.

"ಭಯ ಆಯ್ತಾ?" ಎಂದು ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು ಲಮ್ಮಿ.

"ಆಯ್ತು."

"ಮತ್ತೆ ಯಾಕೋ ನಿಂತೆ?"

ಬೆರೆಂಡ್ ಬಾಯಿ ತೆರೆದ, ಮುಚ್ಚಿದ. "ಅವರು..." ಎಂದ. ಸ್ವಲ್ಪ ತಡೆದು, "ಚೆಂಡು... ಮೇಲೆ..." ಎಂದು ಎಡಗೈಯನ್ನು ಚಾವಣಿಯ ಕಡೆ ಎತ್ತಿ, ಹಾರುವ ಚೆಂಡಿನ ದಾರಿಯನ್ನು ಗಾಳಿಯಲ್ಲಿ ಬರೆದ. ಅದು ಚೆನ್ನಾಗಿತ್ತು ಎಂದನೋ, ಸಾಕಾಯಿತು ಎಂದನೋ ಲಮ್ಮಿಗೆ ಗೊತ್ತಾಗಲಿಲ್ಲ. ಬಿಕ್ಕೆಲ್ ಎದ್ದು, ಮೈಯ ಮಣ್ಣು ಕೊಡವಿ, ಅವನ ಬೂಟಿನ ಕೆಸರನ್ನು ಒಂದು ಕಡೆಯಿಂದ ಮೂಸತೊಡಗಿತು.